ಧರ್ಮಕೇಂದ್ರದ ಎರಡು ಕರ್ತವ್ಯಗಳು

(ಕಥೋಲಿಕ ಧರ್ಮಕೇಂದ್ರಗಳ, ಅಂದರೆ ಪ್ಯಾರಿಷ್‌ಗಳ, ಪಾಲನಾ ಪರಿಷತ್ತಿನ ಸದಸ್ಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವಂದನೀಯ ಗುರುಗಳೇ, ಧರ್ಮಭಗಿನಿಯರೇ, ಬೇರೆ ಬೇರೆ ಧರ್ಮಕೇಂದ್ರಗಳಿಂದ ಬಂದಿರುವ ಪಾಲನಾ ಪರಿಷತ್ತಿನ ಸದಸ್ಯರೇ,

ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಈಗಿನ ರೂಪದಲ್ಲಿ ಜಾರಿಗೆ ಬಂದದ್ದು 1983ರಲ್ಲಿ. ಅದರ 222ನೆಯ ವಿಧಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯ ಭಾಗ ನಮಗೆಲ್ಲ ಚೆನ್ನಾಗಿ ಗೊತ್ತು: ಆರಾಧನೆಗೆ, ಸೇವಾಕಾರ್ಯಗಳಿಗೆ, ಧರ್ಮಸಭೆಯ ಸೇವಕರ ಜೀವನೋಪಾಯಕ್ಕೆ ವಿಶ್ವಾಸಿಗಳು ವಂತಿಗೆ ಕೊಡಬೇಕು. ಎರಡನೆಯ ಭಾಗವನ್ನು ನಾವು ಅಷ್ಟಾಗಿ ಓದಿಲ್ಲ. ವಿಶ್ವಾಸಿಗಳು ಸಾಮಾಜಿಕ ನ್ಯಾಯವನ್ನು ಬೆಳೆಸಲು ಬದ್ಧರು, ಪ್ರಭುವಿನ ಆಜ್ಞೆಯನ್ನು ನೆನೆದು ತಮ್ಮ ಸ್ವಂತ ಆದಾಯದಿಂದ ಬಡವರಿಗೆ ನೆರವಾಗಲೂ ಬದ್ಧರು ಎಂದು ಅದು ಹೇಳುತ್ತದೆ. ಗಮನಿಸಬೇಕಾದ ವಿಷಯವೆಂದರೆ ಇಲ್ಲಿ ಹೇಳಿರುವುದು ಎರಡು ಕರ್ತವ್ಯಗಳನ್ನು. ಬಡವರಿಗೆ ನೆರವಾದವರು ನ್ಯಾಯದ ಕರ್ತವ್ಯವನ್ನೂ ತೀರಿಸಿದಂತಾಯಿತು ಎಂದು ಆ ವಾಕ್ಯ ಎಲ್ಲಿಯೂ ಹೇಳುವುದಿಲ್ಲ. ಇನ್ನೊಂದು ವಿಷಯ, ಈ ವಿಧಿ ಇರುವುದು ಧರ್ಮಾಧ್ಯಕ್ಷರ (ಬಿಷಪ್ಪರ) ಅಥವಾ ಗುರುಗಳ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯದಲ್ಲಿ ಅಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರ ಹಕ್ಕು ಮತ್ತು ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ.

ನಮ್ಮ ಧರ್ಮಕೇಂದ್ರಗಳು ಎರಡನೆಯ ಕರ್ತವ್ಯವನ್ನು, ಅಂದರೆ ಬಡವರಿಗೆ ನೆರವಾಗುವುದನ್ನು, ಮನಃಪೂರ್ವಕವಾಗಿ ನಡೆಸಿಕೊಂಡು ಬಂದಿವೆ ಮತ್ತು ಮೊದಲನೆಯದನ್ನು, ಅಂದರೆ ಸಾಮಾಜಿಕ ನ್ಯಾಯವನ್ನು ಬೆಳೆಸುವುದನ್ನು, ಹೆಚ್ಚುಕಡಿಮೆ ಯಾರಿಗೂ ಒಪ್ಪಿಸದೆ ಬಿಟ್ಟಿವೆ ಎಂಬುದು ಇಂದು ನಾನು ತಮ್ಮ ಮುಂದೆ ಇಡಬೇಕೆಂದಿರುವ ಮಾತು. ಕರ್ನಾಟಕದ ಯಾವ ಧರ್ಮಕೇಂದ್ರಕ್ಕೆ ಹೋದರೂ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ತಿಂಗಳ ಅಕ್ಕಿ ಕೊಡುವ ಮನೆಗಳಿವೆ, ಶಾಲೆಯ ಶುಲ್ಕ ಕಟ್ಟಿಸಿಕೊಂಡ ಮಕ್ಕಳಿದ್ದಾರೆ, ಆಸ್ಪತ್ರೆಯ ಬಿಲ್ಲಿಗೆ ನೆರವು ಪಡೆದ ಹಿರಿಯರಿದ್ದಾರೆ. ತಪಸ್ಸುಕಾಲದ (ಲೆಂಟ್) ಕಾಣಿಕೆ ತಪ್ಪದೆ ಧರ್ಮಪ್ರಾಂತ್ಯಕ್ಕೆ ತಲುಪುತ್ತದೆ. ಆದರೆ ಅದೇ ಮನೆಗೆ ಪ್ರತಿ ತಿಂಗಳೂ ಅಕ್ಕಿ ಏಕೆ ಬೇಕಾಗುತ್ತಿದೆ, ಆ ಮನೆಯ ದುಡಿಯುವ ಹೆಂಗಸಿಗೆ ಸಿಗುವ ಕೂಲಿ ಎಷ್ಟು, ಕಾನೂನಿನ ಪ್ರಕಾರ ಎಷ್ಟು ಸಿಗಬೇಕಿತ್ತು ಎಂಬ ಪ್ರಶ್ನೆಯನ್ನು ಪಾಲನಾ ಪರಿಷತ್ತಿನ ನಡಾವಳಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ದಾನವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಹಸಿದವನಿಗೆ ಇಂದೇ ಊಟ ಬೇಕು. ಕೂಲಿಯ ಕಾನೂನು ಸರಿಯಾಗುವವರೆಗೆ ಅವನು ಕಾಯಲಾರ. ವಿನ್ಸೆಂಟ್ ದೆ ಪಾವ್ಲ್ ಸಭೆಯ ಹುಟ್ಟೇ ಇದಕ್ಕೆ ಸಾಕ್ಷಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಆರಂಭಿಸಿದ ಫ್ರೆಡರಿಕ್ ಒಝನಾಂಗೆ ಆಗಿನ್ನೂ 20 ವರ್ಷ ವಯಸ್ಸು. ಬಡವರ ಮನೆಗೆ ತಾವೇ ನಡೆದು ಹೋಗಬೇಕು, ಅವರ ಜೊತೆ ಕೂತು ಮಾತನಾಡಬೇಕು ಎಂಬ ನಿಯಮವನ್ನು ಆ ವಿದ್ಯಾರ್ಥಿಗಳು ತಮಗೆ ತಾವೇ ಹಾಕಿಕೊಂಡಿದ್ದರು. ಅದೇ ಒಝನಾಂ ಮುಂದೆ ಲಿಯೋನ್ ನಗರದಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರಾದಾಗ ಕಾರ್ಮಿಕನ ನ್ಯಾಯವಾದ ಕೂಲಿ ಎಷ್ಟಿರಬೇಕೆಂಬುದನ್ನು ತರಗತಿಯಲ್ಲಿ ಚರ್ಚಿಸಿದರು. ಬಡವನ ಮನೆಯ ಹೊಸಿಲು ದಾಟಿದವನಿಗೆ ಕೂಲಿಯ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. 1997ರಲ್ಲಿ ಪುನೀತರೆಂದು (ಸಂತ ಪದವಿಗೆ ಹಿಂದಿನ ಹಂತ) ಘೋಷಿತರಾದ ಈ ಶ್ರೀಸಾಮಾನ್ಯ ವಿಶ್ವಾಸಿಯ ಬದುಕಿನ ಮೊದಲರ್ಧವನ್ನು ನಾವು ಅನುಸರಿಸಿದ್ದೇವೆ, ಉಳಿದರ್ಧ ಬಾಕಿಯಿದೆ.

ಧರ್ಮಸಭೆಯ ಬೋಧನೆಯಲ್ಲಿ ಈ ಉಳಿದರ್ಧಕ್ಕೆ ದೀರ್ಘವಾದ ಪರಂಪರೆಯಿದೆ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ 'ರೇರುಂ ನೊವಾರುಂ' ಎಂಬ ವಿಶ್ವಪತ್ರ, ಕಾರ್ಮಿಕ ಒಪ್ಪಿಕೊಂಡ ಮಾತ್ರಕ್ಕೆ ಯಾವ ಕೂಲಿಯೂ ನ್ಯಾಯವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಕೂಲಿ ಒಪ್ಪಂದವೇ ಅಲ್ಲ, ಬಲಾತ್ಕಾರ ಎಂಬುದು ಅದರ ತರ್ಕ. 1967ರಲ್ಲಿ ಆರನೆಯ ಪೌಲರು 'ಪೊಪುಲೋರುಂ ಪ್ರೊಗ್ರೆಸ್ಸಿಯೊ' ಮೂಲಕ ಅದೇ ತರ್ಕವನ್ನು ದೇಶದೇಶಗಳ ನಡುವಿನ ವ್ಯಾಪಾರಕ್ಕೆ ವಿಸ್ತರಿಸಿದರು. 1971ರ ಧರ್ಮಾಧ್ಯಕ್ಷರ ಸಿನೋದು, ಅಂದರೆ ಅವರ ಜಾಗತಿಕ ಸಭೆ, ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶದ ಸಾರುವಿಕೆಯ ಅವಿಭಾಜ್ಯ ಅಂಗ ಎಂದಿತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ತಮ್ಮ ಹೆಸರಾಗಿ ಲಿಯೋ ಎಂಬುದನ್ನೇ ಏಕೆ ಆರಿಸಿಕೊಂಡರೆಂದು ಕಾರ್ಡಿನಲರಿಗೆ ವಿವರಿಸುವಾಗ 1891ರ ಈ ಪತ್ರವನ್ನೇ ನೆನೆದರು. ಇಷ್ಟೆಲ್ಲ ಇದ್ದೂ ಈ ಪತ್ರಗಳು ನಮ್ಮ ಭಾನುವಾರದ ಪ್ರಬೋಧನೆಗೆ ಇಳಿದು ಬಂದದ್ದು ಕಡಿಮೆ. ಬೋಧನೆಯ ಇತಿಹಾಸವನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಏಕೆಂದರೆ ನಮ್ಮ ಕೊರತೆ ಇರುವುದು ಬೋಧನೆಯಲ್ಲಿ ಅಲ್ಲ.

1971ರ ಅದೇ ಸಿನೋದು ಇನ್ನೊಂದು ಮಾತನ್ನೂ ಹೇಳಿತ್ತು: ಜನರ ಮುಂದೆ ನ್ಯಾಯದ ಬಗ್ಗೆ ಮಾತನಾಡಲು ಹೊರಟವರು ಮೊದಲು ಆ ಜನರ ಕಣ್ಣಿಗೆ ತಾವೇ ನ್ಯಾಯವಂತರಾಗಿ ಕಾಣಬೇಕು. ಆದುದರಿಂದ ಧರ್ಮಕೇಂದ್ರದ ಆವರಣದಿಂದಲೇ ಆರಂಭಿಸೋಣ. ಕಾನೂನು ಸಂಹಿತೆಯ 1286ನೆಯ ವಿಧಿ ಧರ್ಮಸಭೆಯ ಆಸ್ತಿಯನ್ನು ನೋಡಿಕೊಳ್ಳುವವರಿಗೆ ಎರಡು ಅಪ್ಪಣೆ ಕೊಡುತ್ತದೆ. ಕೆಲಸಗಾರರ ವಿಷಯದಲ್ಲಿ ನಾಡಿನ ಕಾರ್ಮಿಕ ಕಾನೂನುಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಜೊತೆಗೆ ಅವರೂ ಅವರನ್ನು ನೆಚ್ಚಿಕೊಂಡವರೂ ಬದುಕಲು ಸಾಕಾಗುವಷ್ಟು ನ್ಯಾಯವಾದ ಸಂಬಳ ಕೊಡಬೇಕು. ಈ ವಿಧಿಯನ್ನು ಕೈಯಲ್ಲಿ ಹಿಡಿದು ನಮ್ಮ ಆವರಣದಲ್ಲಿ ಒಮ್ಮೆ ಸುತ್ತಿ ಬಂದರೆ ಯಾರು ಯಾರು ಕಾಣುತ್ತಾರೆ? ಬೆಳಗಿನ ಗಂಟೆ ಬಾರಿಸಿ, ಪೀಠದ ಬಟ್ಟೆ ಒಗೆಯುವ ಪರಿಚಾರಕ. ಗುರುಗಳ ನಿವಾಸದ ಅಡುಗೆಯವರು. ಸ್ಮಶಾನದಲ್ಲಿ ಗುಂಡಿ ತೋಡುವವರು. ಶಾಲೆಯ ಆಯಾ, ವಾಹನದ ಚಾಲಕ, ರಾತ್ರಿಯ ಕಾವಲುಗಾರ. ಅನುದಾನವಿಲ್ಲದ ಶಾಲೆಯಲ್ಲಿ ವರ್ಷಾನುಗಟ್ಟಲೆ ಪಾಠ ಮಾಡುತ್ತಿರುವ ಶಿಕ್ಷಕಿಯರು. ಇವರಲ್ಲಿ ಎಷ್ಟು ಜನರಿಗೆ ನೇಮಕದ ಪತ್ರವಿದೆ, ಭವಿಷ್ಯನಿಧಿಯಿದೆ, ಇಎಸ್‌ಐ ಆರೋಗ್ಯ ವಿಮೆಯಿದೆ, ವಾರದ ರಜೆಯಿದೆ?

ಶಿಕ್ಷಕಿಯರ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಧರ್ಮಸಭೆಯ ದೊಡ್ಡ ಉದ್ಯೋಗದಾತ ಮುಖ ಕಾಣುವುದು ಶಾಲೆಗಳಲ್ಲಿಯೇ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಸಿಗಬೇಕೆಂದು ಸಂಸತ್ತು 2009ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಅದನ್ನು 1997ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು; 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ಶಾಲೆಗಳು ಈ ಹಣಕ್ಕಾಗಿ ಪ್ರತಿ ವರ್ಷ ಮೊತ್ತವನ್ನು ತೆಗೆದಿರಿಸುತ್ತಿವೆಯೇ ಎಂದು ಕೇಳುವ ಅಧಿಕಾರ ಧರ್ಮಕೇಂದ್ರದ ಹಣಕಾಸು ಸಮಿತಿಗಿದೆ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಂಥ ಸಮಿತಿ ಕಡ್ಡಾಯವೆಂದು 537ನೆಯ ವಿಧಿ ಹೇಳುವುದು ಹಬ್ಬದ ಖರ್ಚಿನ ಲೆಕ್ಕ ನೋಡಲು ಮಾತ್ರವಲ್ಲ. ಶಾಲೆಗೆ ವರಮಾನ ಸಾಲದು, ಬಡ ಮಕ್ಕಳಿಗೆ ಶುಲ್ಕ ಏರಿಸಲಾಗದು ಎಂಬ ಉತ್ತರ ಹಲವು ಕಡೆ ನಿಜವೇ ಇರಬಹುದು. ಆದರೂ ಆ ಸೇವೆಯ ಭಾರವನ್ನು ಕಡಿಮೆ ಸಂಬಳದ ಶಿಕ್ಷಕಿಯೊಬ್ಬಳ ಹೆಗಲಿಗೆ ಹೊರಿಸಿ, ಸೇವೆಯ ಹೆಸರನ್ನು ಸಂಸ್ಥೆ ಪಡೆಯುವುದು ಸರಿಯಲ್ಲ. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ. ಆ ಪತ್ರವನ್ನು ಯಕೋಬರು ಬರೆದದ್ದು ಪರಧರ್ಮದವರಿಗಲ್ಲ, ಧರ್ಮಸಭೆಯ ಒಳಗಿನ ಜನರಿಗೆ.

ಆವರಣದಿಂದ ಹೊರಗೆ ಬಂದರೆ ನಮ್ಮ ನಮ್ಮ ಮನೆಗಳಿವೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಆ ಅಧಿಸೂಚನೆ ಬಂದದ್ದು 2004ರಲ್ಲಿ. ಇದರ ಹಿಂದೆ ಹಲವು ಸಂಘಟನೆಗಳ ದುಡಿಮೆಯಿತ್ತು. ಮನೆಗೆಲಸದವರ ರಾಷ್ಟ್ರೀಯ ಚಳವಳಿಯನ್ನು 1980ರ ದಶಕದಲ್ಲಿ ಕಟ್ಟಿದವರು ಬೆಲ್ಜಿಯಂನಿಂದ ಬಂದ ಧರ್ಮಭಗಿನಿ ಜೀನ್ ದೆವೋಸ್. ಅಂದರೆ ಧರ್ಮಭಗಿನಿಯೊಬ್ಬರು ಈ ಹೆಂಗಸರ ಹಕ್ಕಿಗಾಗಿ ದೇಶವಿಡೀ ಸುತ್ತಿದ್ದಾರೆ. ಆದರೆ ನಮ್ಮ ಧರ್ಮಕೇಂದ್ರದ ವಿಶ್ವಾಸಿಗಳ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ಆ ಅಧಿಸೂಚನೆಯ ಸುದ್ದಿ ಮುಟ್ಟಿಲ್ಲ. ಮುಟ್ಟಿಸುವುದು ಯಾರ ಕೆಲಸ?

ಸ್ಥಳೀಯ ಪ್ರಶ್ನೆ ಜಾಗತಿಕ ಪ್ರಶ್ನೆಯಾಗುವುದು ಇಲ್ಲಿಯೇ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಕೊಲ್ಲಿ ದೇಶಕ್ಕೆ ಯಾರನ್ನೂ ಕಳಿಸದ ವಾಳೆ (ಧರ್ಮಕೇಂದ್ರದ ವಾರ್ಡು) ಇರಲಾರದು. ಇಂಜಿನಿಯರ್, ದಾದಿ, ಲೆಕ್ಕಿಗರಾಗಿ ಹೋದವರ ಜೊತೆಗೆ ಮನೆಗೆಲಸಕ್ಕೆ, ಅಡುಗೆಗೆ, ವಯಸ್ಸಾದವರ ಆರೈಕೆಗೆ ಹೋದ ಹೆಂಗಸರೂ ಇದ್ದಾರೆ. ಪ್ರಾಯೋಜಕನ ಒಪ್ಪಿಗೆಯಿಲ್ಲದೆ ಕೆಲಸ ಬಿಡಲು, ಕೆಲವೊಮ್ಮೆ ದೇಶ ಬಿಡಲು ಕೂಡ ಆಗದ ಕಫಾಲಾ ಪದ್ಧತಿಯಲ್ಲಿ ಅವರು ದುಡಿಯುತ್ತಾರೆ. ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿರುತ್ತದೆ. ಕುವೈತಿನಲ್ಲಿ, ದುಬೈಯಲ್ಲಿ ನಮ್ಮವರು ಸೇರುವ ದೇವಾಲಯಗಳಿವೆ, ಕೊಂಕಣಿಯಲ್ಲೂ ಬಲಿಪೂಜೆ ನಡೆಯುತ್ತದೆ. ಆದರೆ ವಾರದ ರಜೆಯೇ ಸಿಗದ ಮನೆಗೆಲಸದಾಕೆ ಅಲ್ಲಿಗೆ ಬರುವುದು ಹೇಗೆ? ಮನೆಗೆಲಸದವರಿಗೂ ಉಳಿದ ಕಾರ್ಮಿಕರಂತೆ ವಾರದ ರಜೆ, ನಿಗದಿತ ಸಮಯ, ಲಿಖಿತ ಒಪ್ಪಂದ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರವಾಗಿ ಮತ ಹಾಕಿದರೂ ಅದನ್ನು ಅನುಮೋದಿಸಿಲ್ಲ.

ಈ ಒಡಂಬಡಿಕೆಯ ಬಗ್ಗೆ ಒಂದು ಧರ್ಮಕೇಂದ್ರ ಏನು ತಾನೇ ಮಾಡಬಲ್ಲದು ಎಂದು ಕೇಳಬಹುದು. ಮಾಡಬಹುದಾದದ್ದು ಬಹಳವಿದೆ. ವಿದೇಶಕ್ಕೆ ಹೊರಟವರ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತನೇ ಎಂದು ಹೊರಡುವ ಮೊದಲೇ ಪರೀಕ್ಷಿಸಿಕೊಡುವುದು, ಒಪ್ಪಂದದ ಪ್ರತಿಯನ್ನು ಮನೆಯವರ ಬಳಿ ಇರಿಸಿಕೊಳ್ಳುವಂತೆ ಹೇಳುವುದು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿ ಸಂಖ್ಯೆಯನ್ನು ಬರೆದುಕೊಡುವುದು ವಾಳೆಯ ಮುಂದಾಳಾದ ಗುರಿಕಾರರ ಮಟ್ಟದಲ್ಲಿಯೇ ಆಗುವ ಕೆಲಸ. ಹಾಗೆಯೇ ನಮ್ಮ ಊರಿನ ಸಂಸದರಿಗೆ ಅನುಮೋದನೆಯ ವಿಷಯವಾಗಿ ಪತ್ರ ಬರೆಯುವುದೂ ಪಾಲನಾ ಪರಿಷತ್ತಿಗೆ ಸಾಧ್ಯ. ಆದರೆ ತನ್ನ ಮಗಳಿಗೆ ಕುವೈತಿನಲ್ಲಿ ವಾರದ ರಜೆ ಸಿಗಬೇಕೆಂದು ಪ್ರಾರ್ಥಿಸುವ ಮನೆಯೇ ತನ್ನ ಮನೆಗೆಲಸದಾಕೆಗೆ ಭಾನುವಾರವೂ ಬರಲು ಹೇಳಿದರೆ ಆ ಪತ್ರಕ್ಕೆ ಬಲ ಬರುವುದಿಲ್ಲ. ಎರಡೂ ಒಂದೇ ನ್ಯಾಯದ ಪ್ರಶ್ನೆ ಎಂದು ಒಂದೇ ಪ್ರಬೋಧನೆಯಲ್ಲಿ ಹೇಳುವ ಗುರುಗಳು ನಮಗೆ ಬೇಕು.

ಬೆಂಗಳೂರಿನ ಧರ್ಮಕೇಂದ್ರಗಳಿಗೆ ಇದೇ ಕೊಂಡಿ ಗಾರ್ಮೆಂಟ್ಸ್ ಕಾರ್ಖಾನೆಗಳ ಮೂಲಕ ಸಿಗುತ್ತದೆ. ಪೀಣ್ಯ, ಬೊಮ್ಮನಹಳ್ಳಿಯ ಸುತ್ತ ಹೊಲಿಯುವ ಬಟ್ಟೆ ಅಮೆರಿಕ ಮತ್ತು ಯುರೋಪಿನ ಅಂಗಡಿಗಳಿಗೆ ಹೋಗುತ್ತದೆ. 2016ರಲ್ಲಿ ಭವಿಷ್ಯನಿಧಿಯನ್ನು 58 ವರ್ಷ ತುಂಬುವವರೆಗೆ ಪೂರ್ತಿಯಾಗಿ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, ಏಪ್ರಿಲ್‌ನಲ್ಲಿ ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಎರಡು ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. 2020ರಲ್ಲಿ ರಾಜ್ಯ ಸರ್ಕಾರ ತುಟ್ಟಿಭತ್ಯೆಯ ಏರಿಕೆಯನ್ನು ಮುಂದೂಡಿತು. ಹೈಕೋರ್ಟ್ ಅದನ್ನು ಕೊಡಬೇಕೆಂದ ಮೇಲೂ ಅನೇಕ ಕಾರ್ಖಾನೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ತಿಂಗಳಿಗೆ ಸುಮಾರು 400 ರೂಪಾಯಿಯನ್ನು ಕೊಡದೆ ಉಳಿಸಿಕೊಂಡವು. ಕಾರ್ಮಿಕ ಸಂಘಗಳು ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ತಂದ ಬಳಿಕವೇ ಬಾಕಿ ಹಣ ಬರತೊಡಗಿತು. ಈ ಒತ್ತಡಕ್ಕೆ ದನಿಗೂಡಿಸಬಲ್ಲ ಕಥೋಲಿಕ ಧರ್ಮಕೇಂದ್ರಗಳು ಆ ಬಟ್ಟೆ ಕೊಳ್ಳುವ ದೇಶಗಳಲ್ಲೂ ಇವೆ, ಬಟ್ಟೆ ಹೊಲಿಯುವ ಬಡಾವಣೆಗಳಲ್ಲೂ ಇವೆ. ವಿಶ್ವವ್ಯಾಪಿ ಧರ್ಮಸಭೆ ಎಂದು ನಾವು ವಿಶ್ವಾಸಸಂಗ್ರಹದಲ್ಲಿ ಹೇಳಿಕೊಳ್ಳುವ ಆ ನಂಟನ್ನು ಇಂಥ ಸಂದರ್ಭದಲ್ಲಿ ಬಳಸಿಕೊಳ್ಳಬೇಡವೇ?

ಈಗ ಹೇಳಲು ಹೆಚ್ಚು ಕಷ್ಟವಾದ, ಆದ್ದರಿಂದಲೇ ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯಕ್ಕೆ ಬರುತ್ತೇನೆ. 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಮಾತ್ರ ಮೀಸಲಿರಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ದಲಿತ ಕ್ರೈಸ್ತರು ಮತ್ತು ಮುಸ್ಲಿಮರು ಇಂದಿಗೂ ಹೊರಗಿದ್ದಾರೆ. ಧರ್ಮದ ಆಧಾರದ ಈ ನಿರ್ಬಂಧವನ್ನು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಪ್ರತಿ ವರ್ಷ ಆಗಸ್ಟ್ 10ನ್ನು ಧರ್ಮಸಭೆ ಕಪ್ಪು ದಿನವಾಗಿ ಆಚರಿಸುತ್ತದೆ. ಬೇಡಿಕೆ ನ್ಯಾಯವಾದದ್ದು, ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ಈ ಬೇಡಿಕೆಯ ತಳಹದಿ ಏನು? ಮತಾಂತರವಾದರೂ ಜಾತಿಯ ಅವಮಾನ ಹೋಗಿಲ್ಲ ಎಂಬುದೇ ಅದರ ತಳಹದಿ. ಸರ್ಕಾರದ ಮುಂದೆ ಈ ಸತ್ಯವನ್ನು ಹೇಳುವ ನಾವು, ಆ ಅವಮಾನದಲ್ಲಿ ನಮ್ಮದೇ ದೇವಾಲಯದ ಪಾಲು ಎಷ್ಟು ಎಂಬುದನ್ನೂ ಹೇಳಬೇಕಾಗುತ್ತದೆ.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿದಾಗ, ದೇಶದ 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರೆಂದೂ, ನಾಯಕತ್ವದಲ್ಲಿ ಅವರ ಪಾಲು ತೀರ ಕಡಿಮೆಯೆಂದೂ, ಅಸ್ಪೃಶ್ಯತೆ ಧರ್ಮಸಭೆಯ ಒಳಗೂ ಇದೆಯೆಂದೂ ಒಪ್ಪಿಕೊಂಡಿತು. ತಮಿಳುನಾಡಿನ ಕೆಲವೆಡೆ ಕ್ರೈಸ್ತ ಸ್ಮಶಾನಗಳ ನಡುವೆಯೇ ಜಾತಿಯ ಗೋಡೆ ಎದ್ದದ್ದು, ಎರೈಯೂರಿನಲ್ಲಿ ದಲಿತ ಕಥೋಲಿಕರು ಬೇರೆ ಧರ್ಮಕೇಂದ್ರ ಬೇಕೆಂದು ಕೇಳಿದ್ದರ ಬೆನ್ನಲ್ಲೇ 2008ರಲ್ಲಿ ಗಲಭೆಯಾಗಿ ಇಬ್ಬರು ಪೊಲೀಸ್ ಗುಂಡಿಗೆ ಬಲಿಯಾದದ್ದು ಬಹಿರಂಗ ಸಂಗತಿಗಳು. ಅದು ತಮಿಳುನಾಡಿನ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮಣ, ಚಾರೊಡಿ, ಸುದಿರ್ ಎಂಬ ಭೇದ ಮದುವೆಯ ಮಾತು ಬಂದಾಗ ಇನ್ನೂ ತಲೆಯೆತ್ತುತ್ತದೆ. ಉತ್ತರ ಕನ್ನಡದ ಸಿದ್ದಿ ಕಥೋಲಿಕರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನಮಾನ ಸಿಕ್ಕಿತು, ಏಕೆಂದರೆ ಪಂಗಡದ ವಿಷಯದಲ್ಲಿ ಧರ್ಮ ಅಡ್ಡ ಬರುವುದಿಲ್ಲ. ಆದರೆ ಪಾಲನಾ ಪರಿಷತ್ತಿನ ಉಪಾಧ್ಯಕ್ಷ ಸ್ಥಾನದಲ್ಲಿ ಸಿದ್ದಿಯೊಬ್ಬರನ್ನು, ಬಯಲುಸೀಮೆಯ ದಲಿತ ವಿಶ್ವಾಸಿಯೊಬ್ಬರನ್ನು ಎಷ್ಟು ಕಡೆ ಕಾಣುತ್ತೇವೆ? ಆಗಸ್ಟ್ 10ರಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುವ ಧರ್ಮಕೇಂದ್ರ ತನ್ನ ಪರಿಷತ್ತಿನ ಸದಸ್ಯರ ಪಟ್ಟಿಯನ್ನೂ ಅದೇ ದಿನ ಒಮ್ಮೆ ಓದಿ ನೋಡಬೇಕು.

ಧರ್ಮಕೇಂದ್ರವೊಂದು ನ್ಯಾಯದ ಕರ್ತವ್ಯವನ್ನು ಪೂರ್ತಿಯಾಗಿ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಮಧ್ಯ ಅಮೆರಿಕದ ಎಲ್ ಸಾಲ್ವದೋರ್ ದೇಶದ ಅಗಿಲಾರೆಸ್. ಕಬ್ಬಿನ ದೊಡ್ಡ ಹಿಡುವಳಿಗಳ ನಡುವಿನ ಆ ಧರ್ಮಕೇಂದ್ರಕ್ಕೆ 1972ರಲ್ಲಿ ಯೇಸುಸಭೆಯ ಫಾದರ್ ರುತಿಲಿಯೊ ಗ್ರಾಂದೆ ಮತ್ತು ಅವರ ಸಂಗಡಿಗರು ಬಂದರು. ಅವರು ಮೊದಲು ಮಾಡಿದ್ದು ಯೋಜನೆ ಬರೆಯುವ ಕೆಲಸವಲ್ಲ. ಹಳ್ಳಿಹಳ್ಳಿಗೆ ಹೋಗಿ, ರೈತರ ಮನೆಗಳಲ್ಲಿ ಉಳಿದು, ಅವರ ಬದುಕಿನ ವಿವರ ಕೇಳಿ, ಸಂಜೆ ಶುಭಸಂದೇಶವನ್ನು ಕೂಡಿ ಓದಿದರು. ಓದಿನ ಮುಂದಾಳುಗಳನ್ನು ಹಳ್ಳಿಯ ಜನರೇ ಆರಿಸಿಕೊಂಡರು. ಹೀಗೆ ಕೂಡಿ ಓದಿದವರು ತಮ್ಮ ಕೂಲಿಯ ಬಗ್ಗೆ, ಭೂಮಿಯ ಬಗ್ಗೆ ಕೇಳತೊಡಗಿದರು. 1977ರ ಮಾರ್ಚ್ 12ರಂದು ಬಲಿಪೂಜೆ ಅರ್ಪಿಸಲು ಎಲ್ ಪೈಸ್ನಾಲ್‌ಗೆ ಹೋಗುವ ದಾರಿಯಲ್ಲಿ ಫಾದರ್ ಗ್ರಾಂದೆ ಅವರನ್ನೂ, ಜೊತೆಗಿದ್ದ ಒಬ್ಬ ವೃದ್ಧರನ್ನೂ, ಒಬ್ಬ ಹದಿಹರೆಯದ ಹುಡುಗನನ್ನೂ ಗುಂಡಿಟ್ಟು ಕೊಂದರು. ಆಗಷ್ಟೇ ಮಹಾಧರ್ಮಾಧ್ಯಕ್ಷರಾಗಿದ್ದ ಆಸ್ಕರ್ ರೊಮೆರೊ ಮುಂದಿನ ಭಾನುವಾರ ಇಡೀ ಮಹಾಧರ್ಮಪ್ರಾಂತ್ಯದಲ್ಲಿ ಒಂದೇ ಒಂದು ಬಲಿಪೂಜೆ ನಡೆಯಲಿ ಎಂದು ಆಜ್ಞಾಪಿಸಿದರು. ಮೂರು ವರ್ಷಗಳ ನಂತರ, 1980ರ ಮಾರ್ಚ್ 24ರಂದು, ಅವರನ್ನೂ ಪೀಠದ ಬಳಿಯೇ ಕೊಂದರು. 2018ರಲ್ಲಿ ರೊಮೆರೊ ಸಂತರೆಂದೂ, 2022ರಲ್ಲಿ ಗ್ರಾಂದೆ ಮತ್ತು ಅವರ ಇಬ್ಬರು ಜೊತೆಗಾರರು ಪುನೀತರೆಂದೂ ಘೋಷಿತರಾದರು. ಧರ್ಮಕೇಂದ್ರದ ಸಾಮಾನ್ಯ ಕೆಲಸ ಮಾಡುತ್ತಲೇ ರಕ್ತಸಾಕ್ಷಿಗಳಾದವರು ಇವರು.

ಎರಡನೆಯದು ಸ್ಪೇನ್ ದೇಶದ ಬಾಸ್ಕ್ ಸೀಮೆಯ ಮೊಂದ್ರಾಗೊನ್. ಅಂತರ್ಯುದ್ಧ ಮುಗಿದು ಊರು ಬಡತನದಲ್ಲಿದ್ದಾಗ, 1941ರಲ್ಲಿ, ಅಲ್ಲಿಗೆ ಸಹಾಯಕ ಗುರುಗಳಾಗಿ ಬಂದವರು ಹೊಸೆ ಮರಿಯಾ ಅರಿಸ್ಮೆಂದಿಯರ್ರಿಯೆತಾ. 1943ರಲ್ಲಿ ಅವರು ಜನರಿಂದ ಹಣ ಕೂಡಿಸಿ ಕೆಲಸ ಕಲಿಸುವ ಶಾಲೆಯೊಂದನ್ನು ತೆರೆದರು. ಹದಿಮೂರು ವರ್ಷಗಳ ಬಳಿಕ, 1956ರಲ್ಲಿ, ಅದೇ ಶಾಲೆಯಲ್ಲಿ ಕಲಿತ ಐವರು ಕಾರ್ಮಿಕರೇ ಒಡೆಯರಾದ ಒಂದು ಕಾರ್ಖಾನೆಯನ್ನು ಕಟ್ಟಿದರು. 1959ರಲ್ಲಿ ಅದರ ಬೆನ್ನಿಗೆ ಸಹಕಾರಿ ಬ್ಯಾಂಕ್ ಬಂತು. ಇಂದು ಆ ಸಹಕಾರಿ ಕೂಟದಲ್ಲಿ ಹತ್ತಾರು ಸಾವಿರ ಜನ ದುಡಿಯುತ್ತಿದ್ದಾರೆ. ಎಲ್ಲವೂ ಗೆಲುವಿನ ಕಥೆಯಲ್ಲ: ಗೃಹೋಪಯೋಗಿ ಯಂತ್ರ ತಯಾರಿಸುತ್ತಿದ್ದ ಅವರ ಮುಖ್ಯ ಕಂಪನಿ 2013ರಲ್ಲಿ ದಿವಾಳಿಯಾಯಿತು. ಆದರೆ ಕೆಲಸ ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಉಳಿದ ಸಹಕಾರಿಗಳು ಜಾಗ ಮಾಡಿಕೊಟ್ಟವು.

ನಮ್ಮಲ್ಲಿ ಇಂಥ ಪರಂಪರೆ ಇಲ್ಲವೆಂದೇನಲ್ಲ. ಮಂಗಳೂರಿನ ಕಥೋಲಿಕರು ಸಹಕಾರಿ ಬ್ಯಾಂಕನ್ನು ಕಟ್ಟಿದ್ದು 1912ರಲ್ಲಿ, ಮೊಂದ್ರಾಗೊನ್‌ಗಿಂತ ದಶಕಗಳ ಮೊದಲು. ಅದಕ್ಕೂ ಮುಂಚೆ, 1880ರಲ್ಲಿ ಕಂಕನಾಡಿಯಲ್ಲಿ ಔಷಧಾಲಯ ತೆರೆದ ಫಾದರ್ ಮುಲ್ಲರ್, ಹತ್ತು ವರ್ಷಗಳಲ್ಲಿ ಕುಷ್ಠರೋಗಿಗಳಿಗೂ ಆಸ್ಪತ್ರೆ ಕಟ್ಟಿದರು. ಬಡ್ಡಿಯ ಹಿಡಿತದಿಂದ, ರೋಗದ ಹೆಸರಿನ ಬಹಿಷ್ಕಾರದಿಂದ ಜನರನ್ನು ಬಿಡಿಸಲು ಸಂಸ್ಥೆಗಳನ್ನೇ ಕಟ್ಟಿದ ಹಿರಿಯರ ಮಕ್ಕಳು ನಾವು. ಆ ಸಂಸ್ಥೆಗಳು ದೊಡ್ಡದಾದ ಮೇಲೆ, ಯಾರಿಗಾಗಿ ಅವು ಹುಟ್ಟಿದವೋ ಅವರಿಗೆ ಇನ್ನೂ ಎಟಕುತ್ತಿವೆಯೇ ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಇದೆಲ್ಲ ರಾಜಕೀಯವಲ್ಲವೇ, ಈಗಿನ ದಿನಗಳಲ್ಲಿ ನಮಗೇಕೆ ಎಂಬ ಭಯ ಈ ಸಭೆಯಲ್ಲಿ ಕೆಲವರಿಗಾದರೂ ಇದ್ದೇ ಇರುತ್ತದೆ. ಭಯಕ್ಕೆ ಕಾರಣಗಳಿಲ್ಲವೆಂದು ನಾನು ಹೇಳಲಾರೆ. 1975ರಿಂದ 1986ರವರೆಗೆ ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯ ನಿರ್ದೇಶಕರಾಗಿದ್ದು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದ ಫಾದರ್ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರಿನಲ್ಲಿ, 83ರ ವಯಸ್ಸಿನಲ್ಲಿ, ಬಂಧಿಸಲಾಯಿತು. ಪಾರ್ಕಿನ್‌ಸನ್ ರೋಗದಿಂದ ಲೋಟ ಹಿಡಿಯಲೂ ಆಗದಿದ್ದ ಅವರು 2021ರ ಜುಲೈ 5ರಂದು ಜಾಮೀನು ಸಿಗದೆಯೇ ತೀರಿಕೊಂಡರು. ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ಆದಿವಾಸಿ ಯುವಕರ ಪರವಾಗಿ ಅವರು ಬಹುಕಾಲ ದುಡಿದಿದ್ದರು. ಅವರು ನಡೆದ ದಾರಿಯನ್ನು ಎಲ್ಲ ಧರ್ಮಕೇಂದ್ರಗಳೂ ನಡೆಯಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಆದರೆ ನಾನು ಇಷ್ಟು ಹೊತ್ತು ಹೇಳಿದ ಹೆಚ್ಚಿನ ಕೆಲಸಗಳಿಗೆ ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕಪುಸ್ತಕ ತೆರೆಯುವ ಮನಸ್ಸು ಸಾಕು.

ಗುರುಗಳು ಹೇಳಲಿಲ್ಲ, ಅದಕ್ಕೆ ನಾವು ಮಾಡಲಿಲ್ಲ ಎಂಬ ಮಾತಿಗೂ ಇಲ್ಲಿ ಎಡೆಯಿಲ್ಲ. ರಾಜಕೀಯ ಪಕ್ಷಗಳಲ್ಲಿ ಮತ್ತು ಕಾರ್ಮಿಕ ಸಂಘಗಳ ಮುಂದಾಳತ್ವದಲ್ಲಿ ಗುರುಗಳು ಸಕ್ರಿಯವಾಗಿ ತೊಡಗದಂತೆ 287ನೆಯ ವಿಧಿ ಸಾಮಾನ್ಯವಾಗಿ ತಡೆಯುತ್ತದೆ. ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಅಂಥ ತಡೆಯಿಲ್ಲ. ಪ್ರತಿಯೊಂದು ಪ್ರಶ್ನೆಗೂ ಗುರುಗಳ ಬಳಿ ಸಿದ್ಧ ಉತ್ತರವಿರುತ್ತದೆ ಎಂದು ವಿಶ್ವಾಸಿಗಳು ಭಾವಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಎಚ್ಚರಿಸಿತ್ತು. ವಕೀಲರು, ಲೆಕ್ಕಪರಿಶೋಧಕರು, ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಸಂಘದಲ್ಲಿ ಹೋರಾಡಿದ ಗಾರ್ಮೆಂಟ್ಸ್ ಕಾರ್ಮಿಕರು ನಮ್ಮ ಬೆಂಚುಗಳಲ್ಲಿಯೇ ಕೂತಿದ್ದಾರೆ. ಅವರನ್ನು ಹಬ್ಬದ ಸಮಿತಿಗೆ ಮಾತ್ರ ಕರೆಯುವುದನ್ನು ಬಿಟ್ಟು ಈ ಕೆಲಸಕ್ಕೆ ಕರೆಯಬೇಕು. ಮತ್ತು ಈ ಕೆಲಸ ಕಥೋಲಿಕರಿಗೆ ಮಾತ್ರವೆಂದು ಎಂದೂ ಆಗಬಾರದು. ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು, ತಾಯ್ನಾಡಿನಿಂದ ದೂರಾದವರನ್ನು ಹುಡುಕಿಕೊಂಡು ಹೋಗಬೇಕೆಂದು 529ನೆಯ ವಿಧಿ ಧರ್ಮಕೇಂದ್ರದ ಗುರುಗಳಿಗೆ ಹೇಳುವಾಗ ಅವರ ಧರ್ಮವನ್ನು ಕೇಳುವುದಿಲ್ಲ. ಊರಿನಲ್ಲಿ ಈಗಾಗಲೇ ದುಡಿಯುತ್ತಿರುವ ದಲಿತ ಸಂಘಟನೆ, ಕಾರ್ಮಿಕ ಸಂಘಗಳಿದ್ದರೆ ಅವರ ಜೊತೆ ಸೇರಬೇಕು. ನಮ್ಮದೇ ಬ್ಯಾನರಿನ ಹೊಸ ಸಂಘ ಕಟ್ಟುವ ಹಂಬಲ ಬೇಡ.

ಕೊನೆಯದಾಗಿ, ಈ ವರ್ಷವೇ ಮಾಡಬಹುದಾದ ಒಂದು ಕೆಲಸ. ಇಲ್ಲಿರುವ ಹಲವು ಧರ್ಮಕೇಂದ್ರಗಳಲ್ಲಿ ಹೊಸ ದೇವಾಲಯ, ಸಭಾಭವನ ಅಥವಾ ಶಾಲಾ ಕಟ್ಟಡ ಏಳುತ್ತಿರಬಹುದು. ಕಲ್ಲು ಹೊರುವವರು, ಸೆಂಟ್ರಿಂಗ್ ಕಟ್ಟುವವರು ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಇನ್ನೂ ದೂರದ ಒಡಿಶಾ, ಬಿಹಾರಗಳಿಂದ ಬಂದಿರುತ್ತಾರೆ; ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಕ್ಕಳೊಂದಿಗೆ ಇರುತ್ತಾರೆ. 1996ರಲ್ಲಿ ಬಂದ ಕಾನೂನು ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಿಧಿಸಿ, ಆ ಹಣವನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಲ್ಲುವಂತೆ ಮಾಡಿತು. ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಮಿಕನಿಗೆ ವೈದ್ಯಕೀಯ ನೆರವು, ಮಕ್ಕಳ ಓದಿಗೆ ಸಹಾಯಧನ, ಅಪಘಾತದಲ್ಲಿ ಪರಿಹಾರ ಸಿಗುತ್ತದೆ. ನೋಂದಣಿಯಿಲ್ಲದವನಿಗೆ ಅದಾವುದೂ ಇಲ್ಲ. ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮೊದಲು ಸೆಸ್ ಕಟ್ಟಿದ ರಸೀದಿಯನ್ನೂ, ನೋಂದಾಯಿತ ಕಾರ್ಮಿಕರ ಹೆಸರುಗಳನ್ನೂ ಹಣಕಾಸು ಸಮಿತಿ ಕೇಳಿ ಪಡೆಯಲಿ. ದೇವಾಲಯದ ಲೆಕ್ಕಪತ್ರವನ್ನು ವಿಶ್ವಾಸಿಗಳ ಮುಂದೆ ಓದುವ ಭಾನುವಾರ, ದಾನಿಗಳ ಪಟ್ಟಿಯ ಜೊತೆಗೆ ಆ ರಸೀದಿಯ ಮೊತ್ತವನ್ನೂ ಆ ಕಾರ್ಮಿಕರ ಹೆಸರುಗಳನ್ನೂ ಓದಬೇಕೆಂದು ತಮ್ಮ ತಮ್ಮ ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬರೆಸಿರಿ.